ಸಂಸ್ಕೃತ ನಾಟಕ: ಹೊಸ ರಸಿಕರಿಗೊಂದು ಕೈಪಿಡಿ

ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಆರಂಭದಲ್ಲೇ ದುಷ್ಯಂತ ರಥವೇರಿ ಜಿಂಕೆಯ ಬೆನ್ನಟ್ಟಿ ಬರುತ್ತಾನೆ. ಆದರೆ ರಂಗಕ್ಕೆ ಕುದುರೆ ಬರಬೇಕಿಲ್ಲ, ಜಿಂಕೆಯೂ ಬೇಕಿಲ್ಲ. ರಥದ ವೇಗವನ್ನು ನಟ ಮೈಯಲ್ಲಿ ತೋರಿಸುತ್ತಾನೆ, ಉಳಿದದ್ದನ್ನು ಶ್ಲೋಕ ಕಟ್ಟುತ್ತದೆ. ಹೊಸ ಓದುಗರು ಎಡವುವುದು ಇಲ್ಲೇ. ಕಂಸದೊಳಗಿನ ಚಿಕ್ಕ ರಂಗಸೂಚನೆಗಳನ್ನು ಹಾರಿಸಿ ಕಥೆಯ ಹಿಂದೆ ಓಡುತ್ತಾರೆ. ಕಥೆಯಾದರೋ ಮೊದಲೇ ಗೊತ್ತಿರುವಂಥದ್ದು. ನಾಲ್ಕು ಪುಟಕ್ಕೆ ಬೇಸರ ಬಂದು ಪುಸ್ತಕ ಮುಚ್ಚುತ್ತಾರೆ.

ಯಕ್ಷಗಾನ ನೋಡಿ ಬೆಳೆದ ಕನ್ನಡಿಗರಿಗೆ ಈ ತೊಡಕು ಇರಬಾರದು. ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದರೆ ಊರು ಬದಲಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಸ್ಕೃತ ನಾಟಕದಲ್ಲಿ ‘ಪರಿಕ್ರಮ್ಯ’ ಎಂದು ಕಂಡಲ್ಲೆಲ್ಲ ಆಗುವುದು ಅದೇ. ‘ಜನಾಂತಿಕ’ ಎಂದಿದ್ದರೆ ಅದು ಪಾತ್ರವು ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿದು ಒಬ್ಬರಿಗೆ ಮಾತ್ರ ಕೇಳುವಂತೆ ಆಡುವ ಮಾತು; ಪಕ್ಕದಲ್ಲೇ ನಿಂತ ಮೂರನೆಯವರಿಗೆ ಅದು ಕೇಳಿಸದು. ‘ಆಕಾಶಭಾಷಿತ’ವೆಂದರೆ ರಂಗದಲ್ಲಿ ಇಲ್ಲದವರೊಡನೆ ಮಾತು: ಅವರು ಹೇಳಿದ್ದನ್ನು ನಟನೇ ಮರುನುಡಿದು ಉತ್ತರಿಸುತ್ತಾನೆ. ಇಂಥ ಐದಾರು ಸೂಚನೆಗಳು ತಲೆಯಲ್ಲಿದ್ದರೆ ಪುಟ ರಂಗವಾಗುತ್ತದೆ.

ಮೊದಲಿಗೆ ಯಾವ ನಾಟಕ? ಹೆಚ್ಚಿನವರು ಶಾಕುಂತಲವನ್ನೇ ಕೈಗಿಡುತ್ತಾರೆ. ಅದಕ್ಕಿಂತ ಭಾಸನ ಹೆಸರಿನಲ್ಲಿರುವ ಒಂದೇ ಅಂಕದ ‘ಊರುಭಂಗ’ ಒಳ್ಳೆಯ ಬಾಗಿಲು. ಟಿ. ಗಣಪತಿ ಶಾಸ್ತ್ರಿಗಳು ತಿರುವಾಂಕೂರಿನಲ್ಲಿ ಪತ್ತೆಹಚ್ಚಿ, 1912ರಿಂದ ತಿರುವನಂತಪುರದ ಗ್ರಂಥಮಾಲೆಯಲ್ಲಿ ಪ್ರಕಟಿಸಿದ 13 ನಾಟಕಗಳಲ್ಲಿ ಇದೂ ಒಂದು. ಇವೆಲ್ಲ ಭಾಸನವೇ ಹೌದೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಓದುವ ಸುಖಕ್ಕೆ ಅದರಿಂದ ಅಡ್ಡಿಯೇನಿಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿ ಪುಟ್ಟ ಮಗ ದುರ್ಜಯ ಬಂದು ತೊಡೆಯೇರಲು ಹವಣಿಸುತ್ತಾನೆ. ತಂದೆ ತಡೆಯಲೇಬೇಕು. ಆ ಗಳಿಗೆಯಲ್ಲಿ ನಟ ಕೈಯನ್ನು ಏನು ಮಾಡುತ್ತಾನೆ, ಮುಖವನ್ನು ಎತ್ತ ತಿರುಗಿಸುತ್ತಾನೆ ಎಂದು ಓದುಗರು ಒಂದು ನಿಮಿಷ ನಿಂತು ಯೋಚಿಸಲಿ. ರನ್ನನ ‘ಸಾಹಸಭೀಮವಿಜಯ’ ಓದಿದವರಿಗೆ, ಹೆಣಗಳ ನಡುವೆ ನಡೆಯುವ ಅಲ್ಲಿನ ದುರ್ಯೋಧನ ನೆನಪಾಗದಿರಲಾರ. ಎರಡನ್ನೂ ಒಂದೇ ವಾರದಲ್ಲಿ ಓದಬೇಕು.

ಆಮೇಲೆ ಶೂದ್ರಕನ ‘ಮೃಚ್ಛಕಟಿಕ’. ಹತ್ತು ಅಂಕಗಳ ಈ ನಾಟಕದಲ್ಲಿ ದೇವತೆಗಳಿಲ್ಲ, ಶಾಪವಿಲ್ಲ. ಉಜ್ಜಯಿನಿಯ ಬೀದಿ, ಜೂಜಿನ ಸಾಲ, ಕಳ್ಳತನ, ನ್ಯಾಯಸಭೆ ಇವೆ. ಎಲ್ಲ ಕಳೆದುಕೊಂಡ ಚಾರುದತ್ತ ಮತ್ತು ಅವನನ್ನು ಮೆಚ್ಚಿದ ಗಣಿಕೆ ವಸಂತಸೇನೆ ಇದ್ದಾರೆ. ಮೂರನೆಯ ಅಂಕದಲ್ಲಿ ಶರ್ವಿಲಕ ಗೋಡೆಗೆ ಕನ್ನ ಹಾಕುವುದನ್ನು ನೋಡಿ. ಕಿಂಡಿ ತಾವರೆಯ ಆಕಾರದಲ್ಲಿರಲೋ, ಅರ್ಧಚಂದ್ರದಂತಿರಲೋ, ಪೂರ್ಣಕುಂಭದಂತಿರಲೋ ಎಂದು ಕುಶಲಕರ್ಮಿಯಂತೆ ಲೆಕ್ಕ ಹಾಕುತ್ತಾನೆ. ಅಳೆಯುವ ದಾರ ತಂದಿಲ್ಲವೆಂದು ಜನಿವಾರವನ್ನೇ ಬಳಸುತ್ತಾನೆ. ನಗು ಬರುತ್ತದೆ. ಅವನು ಕದಿಯುವುದು ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸುವುದಕ್ಕೆ ಎಂಬುದು ನೆನಪಾದಾಗ ನಗುವಿನ ಬಣ್ಣವೇ ಬೇರೆಯಾಗುತ್ತದೆ.

ಈ ನಾಟಕವನ್ನು ಕಿವಿಯಿಂದಲೇ ಓದಬೇಕು. ರಾಜನ ಮೈದುನ ಶಕಾರ ‘ಸ’ಕಾರವಿದ್ದಲ್ಲೆಲ್ಲ ‘ಶ’ಕಾರ ಎಳೆಯುತ್ತಾನೆ, ಪುರಾಣಗಳನ್ನು ಕಲಸಿ ರಾವಣನ ಕಥೆಗೆ ಕುಂತಿಯನ್ನು ತರುತ್ತಾನೆ. ಅದೇ ಕೋಡಂಗಿ ಎಂಟನೆಯ ಅಂಕದಲ್ಲಿ ವಸಂತಸೇನೆಯ ಕತ್ತು ಹಿಸುಕುತ್ತಾನೆ. ಸಂಸ್ಕೃತ ನಾಟಕವೆಂದು ಕರೆದರೂ ಇಲ್ಲಿ ಬಹುಪಾಲು ಪಾತ್ರಗಳು ಆಡುವುದು ಪ್ರಾಕೃತಗಳನ್ನು. ರಾಜ, ಬ್ರಾಹ್ಮಣರದು ಸಾಮಾನ್ಯವಾಗಿ ಸಂಸ್ಕೃತ. ಹೆಂಗಸರು, ಸೇವಕರು, ಬ್ರಾಹ್ಮಣನೇ ಆದ ವಿದೂಷಕ ಕೂಡ ಪ್ರಾಕೃತದವರು. ಮೂಲದ ಮುದ್ರಣಗಳಲ್ಲಿ ಪ್ರಾಕೃತಕ್ಕೆ ಸಂಸ್ಕೃತ ‘ಛಾಯೆ’ ಕೊಟ್ಟಿರುತ್ತಾರೆ. ಸಂಸ್ಕೃತ ಬಲ್ಲವರೂ ಪ್ರಾಕೃತ ಬಿಟ್ಟು ಛಾಯೆಯನ್ನೇ ಓದಿಬಿಡುವುದುಂಟು. ಇದು ದೊಡ್ಡ ನಷ್ಟ. ಎಲ್ಲರೂ ಒಂದೇ ಗ್ರಾಂಥಿಕ ಭಾಷೆ ಆಡುವ ಕನ್ನಡ ಅನುವಾದವನ್ನೂ ಈ ಕಾರಣಕ್ಕೇ ಹೊಸಬರು ಆಮೇಲೆ ಓದಲಿ.

ಈಗ ಶಾಕುಂತಲಕ್ಕೆ ಬರಬಹುದು. ಅದಕ್ಕೂ ಮೊದಲು ಮಹಾಭಾರತದ ಆದಿಪರ್ವದಲ್ಲಿರುವ ಶಕುಂತಲೆಯ ಕಥೆಯನ್ನು ಓದಿಕೊಂಡರೆ ಕಾಳಿದಾಸ ಮಾಡಿದ್ದೇನೆಂಬುದು ನಿಚ್ಚಳವಾಗುತ್ತದೆ. ಅಲ್ಲಿ ಉಂಗುರವಿಲ್ಲ, ದೂರ್ವಾಸನ ಶಾಪವಿಲ್ಲ. ರಾಜ ಎಲ್ಲ ಗೊತ್ತಿದ್ದೂ ಒಲ್ಲೆನೆನ್ನುತ್ತಾನೆ. ನಾಟಕದಲ್ಲಿ ಶಾಪ ಸಖಿಯರಿಗೆ ಕೇಳಿಸುತ್ತದೆ, ಶಕುಂತಲೆಗೆ ಕೇಳಿಸುವುದಿಲ್ಲ. ಹಾಗಾಗಿ ಅವಳು ಆಶ್ರಮ ಬಿಟ್ಟು ಹೊರಡುವ ದೃಶ್ಯವನ್ನೆಲ್ಲ ಪ್ರೇಕ್ಷಕರು ಅವಳಿಗೆ ಗೊತ್ತಿಲ್ಲದ್ದನ್ನು ಹೊತ್ತುಕೊಂಡೇ ನೋಡಬೇಕು. ಮುಂದೇನಾಗುತ್ತದೆ ಎಂಬ ಕುತೂಹಲಕ್ಕಿಂತ ಈ ಭಾರ ದೊಡ್ಡದು. ಇಡೀ ನಾಟಕಪರಂಪರೆ ರಸಿಕರಿಂದ ಬೇಡುವುದು ಇಂಥ ಮನಸ್ಸನ್ನು. ಆರನೆಯ ಅಂಕದ ಆರಂಭದಲ್ಲಿ ಉಂಗುರ ಸಿಕ್ಕಿದ ಬೆಸ್ತನನ್ನು ಕಾವಲಿನವರು ಗದರಿಸುವ ‘ಪ್ರವೇಶಕ’ ಎಂಬ ಸಣ್ಣ ದೃಶ್ಯವನ್ನೂ ಬಿಡಬಾರದು. ಅರಮನೆಯ ದುಃಖಕ್ಕೆ ಮೊದಲು ಅಷ್ಟು ಬೀದಿಯ ಗದ್ದಲ ಬೇಕೆಂದು ಕವಿಗೆ ಗೊತ್ತಿತ್ತು.

ಭವಭೂತಿಯ ‘ಉತ್ತರರಾಮಚರಿತ’ ಸ್ವಲ್ಪ ಅಭ್ಯಾಸವಾದ ಮೇಲಿನ ಓದು. ರಾಮನ ಕಣ್ಣಿಗೆ ಕಾಣದ ಸೀತೆ ಅವನ ಪಕ್ಕದಲ್ಲೇ ನಿಂತು ಅಳಲು ಕೇಳುವ ಮೂರನೆಯ ಅಂಕವೊಂದನ್ನೇ ಓದಿದರೂ ಸಾಕು.

ಕನ್ನಡಕ್ಕೂ ಈ ರಂಗಕ್ಕೂ ನಂಟು ಹಳೆಯದು. ದೊರೆತಿರುವ ಮೊದಲ ಕನ್ನಡ ನಾಟಕ, 17ನೇ ಶತಮಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಹರ್ಷನ ‘ರತ್ನಾವಳಿ’ಯನ್ನು ಆಧರಿಸಿದ್ದು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿಕೊಂಡರು. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ಗಣೇಶನ ಪೂಜೆ, ಭಾಗವತ, ಅಡ್ಡ ಹಿಡಿಯುವ ತೆರೆಗಳನ್ನು ಮತ್ತೆ ರಂಗಕ್ಕೆ ತಂದರು, 1984ರಲ್ಲಿ ‘ಮೃಚ್ಛಕಟಿಕ’ದ ಕಥೆಯನ್ನೇ ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದರು. ಹಳೆಯ ನಾಟಕ ಓದಿ ‘ಹಯವದನ’ಕ್ಕೆ ಬಂದವರಿಗೆ ಅದರ ಭಾಗವತ ಏಕೆ ಕಥೆಯ ಒಳಗೂ ಹೊರಗೂ ಓಡಾಡುತ್ತಾನೆಂದು ತಾನಾಗಿ ಹೊಳೆಯುತ್ತದೆ.

ಒಬ್ಬರೇ ಮೌನವಾಗಿ ಓದಬೇಡಿ. ಇಬ್ಬರು ಮೂವರು ಸೇರಿ ಪಾತ್ರ ಹಂಚಿಕೊಂಡು, ರಂಗಸೂಚನೆಗಳನ್ನೂ ಸೇರಿಸಿ ಗಟ್ಟಿಯಾಗಿ ಓದಿ. ‘ಊರುಭಂಗ’ಕ್ಕೆ ಒಂದು ಸಂಜೆ ಸಾಕು.