ಬೀಜದ ಹೋರಿ ಎಲ್ಲಿದೆ?

ಬೆದೆಗೆ ಬಂದ ಹಳ್ಳಿಕಾರ್ ತಳಿಯ ಹಸುವಿಗೆ ನಮ್ಮ ಪುರವರ ಹೋಬಳಿಯ ಸುತ್ತಮುತ್ತ ಒಳ್ಳೆಯ ಬೀಜದ ಹೋರಿ ಎಲ್ಲಿದೆ ಎಂದು ಓದುಗರೊಬ್ಬರು ಕೇಳಿದ್ದಾರೆ. ತಳಿಯ ಅಳಿವು ಉಳಿವು ಆ ಪ್ರಶ್ನೆಯಲ್ಲೇ ಇದೆ.

ಹಾಲಿಗಾಗಿ ಸಾಕುವ ತಳಿಯಲ್ಲಿ ಉತ್ತಮ ಗಂಡುಗರುವನ್ನು ಹೋರಿಯಾಗಿ ಉಳಿಸುತ್ತಾರೆ. ಹಳ್ಳಿಕಾರ್‌ನಂಥ ದುಡಿಮೆಯ ತಳಿಯಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಮೈಕಟ್ಟು, ಕಾಲು, ಗೊರಸು, ನಡಿಗೆ ಎಲ್ಲವೂ ಚೆನ್ನಾಗಿರುವ ಕರುವಿಗೇ ಮೊದಲು ಜೋಡಿ ಹುಡುಕುತ್ತಾರೆ, ಅದಕ್ಕೇ ಬೀಜ ಒಡೆಸುತ್ತಾರೆ. ಜೋಡಿಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆ, ವಂಶ ಅಲ್ಲಿಗೇ ನಿಲ್ಲುತ್ತದೆ. ಜೋಡಿ ಸಿಗದೆ ಉಳಿದ ಗಂಡು ಊರ ಹಸುಗಳ ಮೇಲೆ ಹಾರುತ್ತದೆ. ಒಂದು ಹಸು ತನ್ನ ಜೀವಮಾನದಲ್ಲಿ ಹಾಕುವ ಕರುಗಳು ಬೆರಳೆಣಿಕೆಯಷ್ಟು. ಹೋರಿಯಾದರೋ ವರ್ಷಕ್ಕೆ ಹತ್ತಾರು ಕರುಗಳಿಗೆ ಅಪ್ಪನಾಗುತ್ತದೆ. ಆದ್ದರಿಂದ ಹೋರಿಯ ಆಯ್ಕೆಯಲ್ಲಿ ತಪ್ಪಿದರೆ ಹಸು ಎಷ್ಟು ಒಳ್ಳೆಯದಿದ್ದರೂ ತಳಿ ಇಳಿಯುತ್ತದೆ.

ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ಆಂಜನೇಯನ ದನಗಳ ಜಾತ್ರೆಯಲ್ಲಿ ಕೊಳ್ಳುವವರನ್ನು ಗಮನಿಸಿ. ತುಟಿ ಎತ್ತಿ ಹಲ್ಲು ಎಣಿಸುತ್ತಾರೆ. ಬೆನ್ನಿನ ಮೇಲೆ ಅಂಗೈ ಆಡಿಸಿ ಸುಳಿ ನೋಡುತ್ತಾರೆ. ಬಾಲ ಮುಟ್ಟುತ್ತಾರೆ, ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿ ಹಿಂಗಾಲು ಎಲ್ಲಿ ಬೀಳುತ್ತದೆ ಎಂದು ಕಣ್ಣಿಡುತ್ತಾರೆ. ಆಮೇಲೆ ಟವಲಿನಡಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಇಷ್ಟೆಲ್ಲ ಬಲ್ಲವರು ಇದರ ಅಪ್ಪ ಯಾವ ಊರ ಹೋರಿ ಎಂದು ಮಾತ್ರ ಕೇಳುವುದಿಲ್ಲ. ಸುಳಿಯಿಂದ ಗಾಡಿ ಎಳೆಯುವ ಶಕ್ತಿ ಬರುವುದಿಲ್ಲ, ಅದು ಬರುವುದು ಅಪ್ಪ ಅಮ್ಮನಿಂದ.

ಹಿಂದಿನವರು ಇದನ್ನು ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನದ ಮಂದೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹಳ್ಳಿಕಾರ್, ಚಿತ್ರದುರ್ಗ ಮತ್ತು ನಮ್ಮ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ದನಗಳು ಅದಕ್ಕೆ ಮೂಲ. ಸೇನೆಯ ಭಾರ ಎಳೆದು ದೂರ ನಡೆಯಬಲ್ಲ ಎತ್ತು ಬೇಕೆಂಬ ಒಂದೇ ಗುರಿಯಿಂದ ತಲೆಮಾರುಗಟ್ಟಲೆ ಆರಿಸುತ್ತ ಹೋದರು. ಮಂದೆಗಳಿಗೆ ಕಾವಲುಗಳಿದ್ದವು, ಹೋರಿಗಳನ್ನು ಬೇರೆಯಾಗಿ ಆರಿಸಿಡುತ್ತಿದ್ದರು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಆ ಮಂದೆಯನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೇನೆಗೆ ಎತ್ತು ಸಿಗದಾಗ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಮಂದೆ ಕಟ್ಟಲು ಹೊರಟರು. ಚದುರಿದ ರಕ್ತವನ್ನು ಪೂರ್ತಿಯಾಗಿ ಒಟ್ಟುಗೂಡಿಸಲು ಯಾರಿಂದಲೂ ಆಗುವುದಿಲ್ಲ.

ಸೀಮೆ ಹೋರಿಯ ಬೀಜವೇ ಪರಿಹಾರ ಎನ್ನುವವರ ಜೊತೆ ನನ್ನ ಜಗಳ ಹಳೆಯದು. ಹಿಣಿಲಿರುವ ನಮ್ಮ ದನವನ್ನು ಸುಮಾರು 8,000 ವರ್ಷಗಳ ಹಿಂದೆ ಸಿಂಧೂ ಕಣಿವೆಯ ಕಡೆ ಪಳಗಿಸಿದರು. ಹಿಣಿಲಿಲ್ಲದ ದನವನ್ನು ಅದಕ್ಕೂ ಮೊದಲು ಪಶ್ಚಿಮ ಏಷ್ಯಾದಲ್ಲಿ ಪಳಗಿಸಿದ್ದರು. ಇವೆರಡರ ಕಾಡು ಪೂರ್ವಜರು ಬೇರೆಯಾಗಿ ಲಕ್ಷಾಂತರ ವರ್ಷಗಳೇ ಕಳೆದಿದ್ದವು. ಗಂಡಿನ ವೈ ವರ್ಣತಂತುವಿನ ಆಕಾರ ಕೂಡ ಎರಡರಲ್ಲಿ ಬೇರೆ. ಹಳ್ಳಿಕಾರ್ ಹಸುವಿಗೆ ಎಚ್‌ಎಫ್ ಎಂಬ ಸೀಮೆ ತಳಿಯ ಬೀಜದ ಇಂಜೆಕ್ಷನ್ ಕೊಡಿಸಿದರೆ ಹುಟ್ಟುವ ಗಂಡುಗರುವಿನ ವೈ ಪೂರ್ತಿ ಸೀಮೆಯದು. ಡೇರಿಗೆ ಹಾಲು ಹಾಕುವ ಮನೆಗೆ ಸೀಮೆ ಹಸು ಬೇಕು, ಒಪ್ಪುತ್ತೇನೆ. ಅದನ್ನು ಬೇರೆಯಾಗಿ ಕಟ್ಟಿಕೊಳ್ಳಲಿ. ಹಳ್ಳಿಕಾರ್ ಹಸುವಿನ ಗರ್ಭವನ್ನು ಅದಕ್ಕೆ ಬಳಸುವುದು ಬೇಡ.

ಈಗ ಇನ್ನೊಂದು ಗೀಳು ಶುರುವಾಗಿದೆ. 2021ರ ಬೆಂಗಳೂರು ಕೃಷಿ ಮೇಳದಲ್ಲಿ ಕೃಷ್ಣ ಎಂಬ ಹಳ್ಳಿಕಾರ್ ಹೋರಿಗೆ ಕೋಟಿ ಬೆಲೆ ಎಂದು ಸುದ್ದಿಯಾಯಿತು. ಹೋರಿಯನ್ನು ಹೋರಿಯಾಗಿಯೇ ಉಳಿಸಿ ಸಾಕಿದ್ದನ್ನು ಮೆಚ್ಚುತ್ತೇನೆ. ಆದರೆ ಎಲ್ಲರೂ ಒಂದೇ ಹೋರಿಯ ಬೀಜಕ್ಕೆ ಮುಗಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಥೆ ಇದೆ. 1962ರಲ್ಲಿ ಹುಟ್ಟಿದ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣುಕರುಗಳು, ಐದು ಲಕ್ಷ ಹೆಣ್ಣು ಮೊಮ್ಮಕ್ಕಳು. ಹಾಲು ಹೆಚ್ಚಿತು. ಅದರ ಜೊತೆಗೆ ಆ ಹೋರಿಯಲ್ಲಿ ಅಡಗಿದ್ದ ಒಂದು ಕೆಟ್ಟ ಜೀನ್ ಕೂಡ ಹರಡಿತು. ತಾಯಿ ತಂದೆ ಎರಡೂ ಕಡೆಯಿಂದ ಅದು ಸೇರಿದಾಗ ಕರು ಗರ್ಭದಲ್ಲೇ ಸತ್ತಿತು. ಹಾಗೆ ಕಂದು ಹಾಕಿದ ಹಸುಗಳು ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಎಂದು ಸಂಶೋಧಕರು ಅಂದಾಜಿಸಿದ್ದಾರೆ.

ಹಲವು ಹೋರಿಗಳನ್ನು ಉಳಿಸುವ ಬಗೆ ನಮ್ಮ ನೆಲದಲ್ಲೇ ಇದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸ ನಾಯಕರ ದೇವರ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಕಿಲಾರಿಗಳು ಮೇಯಿಸಿ ಕಾಯುತ್ತಾರೆ. ಶಿರಾ ಸೀಮೆಯ ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯದಲ್ಲಿ ಬಡಮೈಲ ಎಂಬ ಗೂಳಿಗೆ ವೀರನಷ್ಟೇ ಗೌರವ. ಭಕ್ತಿಯ ಹೆಸರಿನಲ್ಲಿ ಸಂತೆಯ ಬೆಲೆಗೆ ಸಿಗದೆ ಉಳಿದ ಈ ಮಂದೆಗಳನ್ನು ತಳಿ ವಿಜ್ಞಾನಿಗಳು ಬಂದು ನೋಡಬೇಕು.

ಪುರವರ ಹೋಬಳಿಯ ರೈತರಲ್ಲಿ ನನ್ನ ಬೇಡಿಕೆ ಇಷ್ಟು. ನಾಲ್ಕೈದು ಊರಿನವರು ಕೂತು, ಹುಟ್ಟಿದವುಗಳಲ್ಲಿ ಅತ್ಯುತ್ತಮವಾದ ಒಂದು ಗಂಡುಗರುವನ್ನು ಬೀಜ ಒಡೆಸದೆ ಬಿಡಿ. ಸಾಕುವ ಮನೆಗೆ ಎಲ್ಲರೂ ಸೇರಿ ಮೇವು, ಹಿಂಡಿ ಕೊಡಿ. ಯಾವ ಹಸುವಿಗೆ ಯಾವ ಹೋರಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಅದು ಹಸುಗಳ ಮೇಲೆ ಹಾರಲು ತೊಡಗಿ ಮೂರು ವರ್ಷವಾದ ಮೇಲೆ, ಅದರ ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ, ಹೋರಿಯನ್ನು ಪಕ್ಕದ ಹೋಬಳಿಗೆ ಕೊಟ್ಟು ಅಲ್ಲಿಯ ಹೋರಿಯನ್ನು ತನ್ನಿ.