ಪರ್ವಾಜ್: ಆತುರವಿಲ್ಲದವರ ಹಾಡು

ಆರೇಳು ನಿಮಿಷ ಸಾಗುವ ಹಾಡನ್ನು ಎಫ್‌ಎಂನವರು ಹಾಕುವುದಿಲ್ಲ, ಮದುವೆ ಮನೆಯವರು ಕೇಳುವುದಿಲ್ಲ, ಸಿನಿಮಾದವರಿಗಂತೂ ಬೇಡವೇ ಬೇಡ. ಬೆಂಗಳೂರಿನ ಪರ್ವಾಜ್ ಬ್ಯಾಂಡ್ ಅಂಥ ಹಾಡುಗಳನ್ನೇ ನೆಚ್ಚಿಕೊಂಡು ಬಂದಿದೆ. ಅದೂ ಉರ್ದು ಮತ್ತು ಕಾಶ್ಮೀರಿ ಭಾಷೆಗಳಲ್ಲಿ.

2010ರಲ್ಲಿ ತಂಡ ಹುಟ್ಟಿತು. ಹಾಡುಗಾರ ಖಾಲಿದ್ ಅಹಮದ್ ಮತ್ತು ಗಿಟಾರ್ ವಾದಕ ಮೀರ್ ಕಾಶಿಫ್ ಇಕ್ಬಾಲ್ ಇಬ್ಬರೂ ಕಾಶ್ಮೀರದವರು, ಗೆಳೆಯರು. ಡ್ರಮ್ಸ್‌ಗೆ ಸಚಿನ್ ಬಾನಂದೂರು ಬಂದರು. ಆಮೇಲೆ ಬಾಸ್ ಗಿಟಾರ್ ಹಿಡಿದವರು ಫಿಡೆಲ್ ಡಿಸೋಜಾ. 2012ರಲ್ಲಿ ‘ಬೇಹೋಶ್’ ಎಂಬ ಕಿರು ಆಲ್ಬಮ್ ಹೊರಬಂತು, 2014ರಲ್ಲಿ ಪೂರ್ಣ ಪ್ರಮಾಣದ ‘ಬಾರಾನ್’. ಅದರ ಮುಂದಿನ ಆಲ್ಬಮ್ ‘ಕುನ್’ ಬರಲು ಐದು ವರ್ಷ ಹಿಡಿಯಿತು. 2019ರಲ್ಲಿ ಅದು ಬಿಡುಗಡೆಯಾಗಿ ಕೆಲವೇ ತಿಂಗಳಿಗೆ ಕೊರೋನಾ ಬಂದು ದೇಶದ ವೇದಿಕೆಗಳೆಲ್ಲ ಬಾಗಿಲು ಹಾಕಿದವು.

ಪರ್ವಾಜ್ ನುಡಿಸುವ ಬಗೆಯ ಸಂಗೀತಕ್ಕೆ ಸೈಕೆಡೆಲಿಕ್ ಎಂಬ ಹೆಸರು ಅಂಟಿಕೊಂಡದ್ದು 1960ರ ದಶಕದಲ್ಲಿ. ಮಾದಕ ವಸ್ತುಗಳ ಸುದ್ದಿಯೂ ಹೆಸರಿನ ಜೊತೆಗೇ ಬಂತು. ಆದರೆ ಹಾಡಿನೊಳಗೆ ನಡೆದ ಕೆಲಸವನ್ನು ಕಿವಿಗೊಟ್ಟು ಕೇಳಬೇಕು. 1966ರ ‘ರಿವಾಲ್ವರ್’ ಆಲ್ಬಮ್‌ನ ಕೊನೆಯ ಹಾಡಾದ ‘ಟುಮಾರೋ ನೆವರ್ ನೋಸ್’ನಲ್ಲಿ ಬೀಟಲ್ಸ್ ತಂಡದವರು ತಂಬೂರಿಯ ಶ್ರುತಿ ಹಿಡಿದರು. ಟೇಪಿನ ತುಂಡುಗಳನ್ನು ತುದಿಗೆ ತುದಿ ಅಂಟಿಸಿ, ಅದೇ ಸದ್ದು ಸುತ್ತಿ ಸುತ್ತಿ ಬರುವಂತೆ ಮಾಡಿದರು. ತಂಡದ ಜಾನ್ ಲೆನನ್ ಅವರ ದನಿಯನ್ನು ಆರ್ಗನ್‌ಗೆಂದು ಮಾಡಿದ್ದ ತಿರುಗುವ ಸ್ಪೀಕರಿನಿಂದ ಹಾಯಿಸಿದರು. ಹಾಡು ಹೆಚ್ಚುಕಡಿಮೆ ಒಂದೇ ಸ್ವರಗುಚ್ಛದ (ಕಾರ್ಡ್) ಮೇಲೆ ನಿಂತಿದೆ. ಬಿಡದೆ ಹಿಡಿದ ಆಧಾರಶ್ರುತಿಯ ಮೇಲೆ ರಾಗ ಬೆಳೆಯುವುದನ್ನು ಕೇಳಿಕೊಂಡೇ ಬೆಳೆದ ನಮ್ಮವರಿಗೆ ಇದರಲ್ಲಿ ಪರಕೀಯವಾದದ್ದು ಕಡಿಮೆ.

ಆ ಅಲೆ ದಕ್ಷಿಣಕ್ಕೂ ಬೇಗನೆ ಮುಟ್ಟಿತು. ಸಿಗರೇಟ್ ಕಂಪನಿಯೊಂದು ನಡೆಸಿದ ಸ್ಪರ್ಧೆಯಿಂದ ‘ಸಿಮ್ಲಾ ಬೀಟ್ 70’, ‘ಸಿಮ್ಲಾ ಬೀಟ್ 71’ ಎಂಬ ಎರಡು ಎಲ್‌ಪಿಗಳು ಬಂದವು. ಹಳೆಯ ರೆಕಾರ್ಡ್ ಸಂಗ್ರಹಿಸುವವರು ಇವತ್ತಿಗೂ ಅವನ್ನು ಹುಡುಕುತ್ತಾರೆ. 1970ರ ದಶಕದ ಬೆಂಗಳೂರಿನಲ್ಲಿ ಹ್ಯೂಮನ್ ಬಾಂಡೇಜ್ ಎಂಬ ತಂಡವಿತ್ತು. ಸುರೇಶ್ ಮತ್ತು ರಮೇಶ್ ಶೋತ್ತಂ ಸಹೋದರರು ಅದರಲ್ಲಿದ್ದರು, ರಾಧಾ ಥಾಮಸ್ ಅದರಲ್ಲಿ ಹಾಡಿದ್ದರು. ಮುಂದೆ ರಮೇಶ್ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ತವಿಲ್ ಕಲಿತು ಯುರೋಪಿಗೆ ಹೋದರು. ರಾಧಾ ಜಾಜ್ ಗಾಯಕಿಯಾಗಿ ಹೆಸರಾದರು. ತಂಡ ಉಳಿಯಲಿಲ್ಲ. ಪರ್ವಾಜ್ 2019ರ ಹೊತ್ತಿಗೆ ಮೂರು ಆಲ್ಬಮ್ ತನಕ ಬಂದದ್ದು ಏಕೆ ದೊಡ್ಡ ಸಂಗತಿ ಎಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಸ್ವತಂತ್ರ ಬ್ಯಾಂಡ್ ಎಂದರೆ ಸ್ಟುಡಿಯೊ ಬಾಡಿಗೆಯಿಂದ ಹಿಡಿದು ಮಿಕ್ಸಿಂಗ್, ಮಾಸ್ಟರಿಂಗ್, ಮುಖಪುಟದ ಚಿತ್ರದವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕು. ಆನ್‌ಲೈನಿನಲ್ಲಿ ಹಾಡು ಕೇಳಿದವರಿಂದ ಬರುವುದು ಪುಡಿಗಾಸು. ಬದುಕು ನಡೆಯುವುದು ವೇದಿಕೆಯಿಂದ. ಎನ್‌ಎಚ್‌7 ವೀಕೆಂಡರ್‌ನಂಥ ಉತ್ಸವಗಳು, ಬೆಂಗಳೂರಿನ ಇಂದಿರಾನಗರದ ಬಿಫ್ಲ್ಯಾಟ್, 2019ರಲ್ಲಿ ಮುಚ್ಚಿದ ಹಮ್ಮಿಂಗ್ ಟ್ರೀಯಂಥ ಜಾಗಗಳು ಈ ಪೀಳಿಗೆಯ ತಂಡಗಳನ್ನು ಸಾಕಿದವು. ಒಂದು ಜಾಗ ಮುಚ್ಚಿದರೆ ಹತ್ತಾರು ತಂಡಗಳಿಗೆ ತಿಂಗಳ ಒಂದು ಸಂಜೆ ತಪ್ಪುತ್ತದೆ. ಇಷ್ಟರ ನಡುವೆ ಒಂದು ಆಲ್ಬಮ್‌ಗೆ ಐದು ವರ್ಷ ಕೊಡುವುದಕ್ಕೆ ಎದೆಗಾರಿಕೆ ಬೇಕು.

ಆದರೆ ದೂರದ ಕಾಸರಗೋಡಿನ ಕೇಳುಗರಿಗೆ ಬೆಂಗಳೂರಿನ ಪರ್ವಾಜ್ ಏಕೆ ಬೇಕು? ಇಲ್ಲಿನ ಕಿವಿ ಅದಕ್ಕೆ ಆಗಲೇ ಹದಗೊಂಡಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಿನ ಬಯಲಾಟಗಳಲ್ಲಿ ಬಣ್ಣದ ವೇಷದ ಒಡ್ಡೋಲಗ ಕಂಡವರಿಗೆ ಗೊತ್ತು: ಚೆಂಡೆ ಮೊದಲು ಜಾಗ ಹಿಡಿಯುತ್ತದೆ, ಮದ್ದಳೆ ಜೊತೆಗೂಡುತ್ತದೆ, ಭಾಗವತರ ಜಾಗಟೆ ಲಯ ಕಾಯುತ್ತದೆ, ಕಾವು ಏರಿ ಏರಿ ಕೊನೆಗೆ ವೇಷ ಪೂರ್ತಿ ಕಾಣಿಸಿಕೊಳ್ಳುತ್ತದೆ. ಪರ್ವಾಜ್ ಹಾಡು ಬೆಳೆಯುವ ಕ್ರಮವೂ ಅದೇ. ಗಿಟಾರಿನ ಒಂದು ಎಳೆ, ಅದರ ಮರುದನಿ, ಮೆಲ್ಲಗೆ ಬಾಸ್, ತಡವಾಗಿ ಡ್ರಮ್ಸ್. ಆಮೇಲೆ ಖಾಲಿದ್ ದನಿ ತಾರಕಕ್ಕೆ ಹೋಗುತ್ತದೆ. ಬಯಲಾಟವೇ ಕಾಲಮಿತಿಗೆ ಒಗ್ಗಿಕೊಳ್ಳುತ್ತಿರುವ ಈ ದಿನಗಳಲ್ಲಿ, ಈ ತಂಡದವರು ತಮ್ಮ ಹಾಡಿಗೆ ಬೇಕಾದಷ್ಟು ಹೊತ್ತನ್ನು ಹಟ ಹಿಡಿದು ಪಡೆದುಕೊಂಡದ್ದು ಗೌರವಕ್ಕೆ ತಕ್ಕ ಕೆಲಸ.

ಭಾಷೆಯ ಆತಂಕವೂ ಬೇಡ. ಸಪ್ತಭಾಷೆಗಳ ಈ ನೆಲದಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ ಒಂದೇ ಬಸ್ಸಿನಲ್ಲಿ ಕೇಳಿಬರುತ್ತವೆ. ಇಲ್ಲಿನ ಉಪ್ಪಳದಲ್ಲಿ ಉರ್ದು ಮನೆಮಾತಾದ ಕುಟುಂಬಗಳಿವೆ. ಪಕ್ಕದ ಮನೆಯ ಮಾತು ಅರ್ಧ ತಿಳಿದರೂ ಅದರ ಹಾಡನ್ನು ಪೂರ್ತಿ ಸವಿಯುವುದು ಇಲ್ಲಿಯವರಿಗೆ ರೂಢಿ.

ಹೊಸಬರು ‘ಬೇಹೋಶ್’ನ ‘ದಿಲ್ ಖುಷ್’ನಿಂದ ಶುರು ಮಾಡಬಹುದು, ಅದು ಹಗುರ, ಕೂಡಲೇ ಹಿಡಿಸುತ್ತದೆ. ಬಳಿಕ ‘ಬಾರಾನ್’ನ ‘ಬೇಪರ್ವಾ’. ಅದೇ ಆಲ್ಬಮ್‌ನ ಕಾಶ್ಮೀರಿ ಹಾಡು ‘ರೋಜ್ ರೋಜ್’ ಕೇಳುವಾಗ ಒಮ್ಮೆ ದನಿಯನ್ನು ಬಿಟ್ಟು ಬಾಸ್ ಮತ್ತು ಡ್ರಮ್ಸನ್ನಷ್ಟೇ ಹಿಂಬಾಲಿಸಿದರೆ ಹಾಡಿನ ಕಟ್ಟಡ ಕಾಣುತ್ತದೆ. ‘ಕುನ್’ ಅನ್ನು ಬಿಡಿ ಹಾಡುಗಳಾಗಿ ಒಡೆಯದೆ ಮೊದಲಿನಿಂದ ಕೊನೆವರೆಗೆ ಒಂದೇ ಬಾರಿ ಕೂತು ಕೇಳಬೇಕು. ಮೊಬೈಲಿನ ಸ್ಪೀಕರ್ ಸಾಲದು, ಹೆಡ್‌ಫೋನ್ ಬೇಕು. ಮರುದನಿಗಳು ಎಡಕ್ಕೂ ಬಲಕ್ಕೂ ಹರಡುವುದು ಆಗಲೇ ತಿಳಿಯುವುದು.

2022ರ ಡಿಸೆಂಬರಿನಲ್ಲಿ ಕಾಸರಗೋಡು ಜಿಲ್ಲೆಯ ಬೇಕಲದಲ್ಲಿ ಮೊದಲ ಅಂತಾರಾಷ್ಟ್ರೀಯ ಬೀಚ್ ಫೆಸ್ಟಿವಲ್ ನಡೆದಾಗ ಜಿಲ್ಲೆಯ ಜನ ಕಿಕ್ಕಿರಿದು ಸೇರಿದ್ದರು. ಸಿನಿಮಾ ಗಾಯಕರಿಗೆ ಅಂಥ ವೇದಿಕೆ ಸುಲಭವಾಗಿ ಸಿಗುತ್ತದೆ. ಮುಂದಿನ ಉತ್ಸವಗಳ ಪಟ್ಟಿಯಲ್ಲಿ ಇಂಥ ಸ್ವತಂತ್ರ ತಂಡಗಳಿಗೂ ಒಂದು ಸಂಜೆ ಇರಲಿ, ಹಾಡನ್ನು ನಡುವೆ ಕತ್ತರಿಸದೆ ನುಡಿಸಲು ಅವರಿಗೆ ಪೂರ್ತಿ ಒಂದೂವರೆ ಗಂಟೆ ಕೊಡಲಿ ಎಂದು ಸಂಘಟಕರಲ್ಲಿ ಈ ಅಂಕಣದ ಕೋರಿಕೆ.