ಹಿಡಿಯೊಳಗಣ ಅಯಸ್ಕಾಂತ

ಕೊಯಮತ್ತೂರಿನ ಗಾಂಧಿಪುರಂ ಅಂಗಡಿಗಳಲ್ಲಿ ಗೇಮ್ ಕಂಟ್ರೋಲರಿನ ಪೆಟ್ಟಿಗೆಯನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಬಣ್ಣದ ದೀಪಗಳನ್ನು, ಅನಂತರ ಬೆಲೆಯನ್ನು. ನಾನಾದರೋ ಹೆಬ್ಬೆರಳಿಗೆ ಸಿಕ್ಕುವ ಆ ಎರಡು ಸ್ಟಿಕ್ಕುಗಳ ಅಡಿಯಲ್ಲಿ ಏನಿದೆಯೆಂಬುದನ್ನೇ ಮೊದಲು ವಿಚಾರಿಸುತ್ತೇನೆ.

ಬಹುಪಾಲು ಕಂಟ್ರೋಲರುಗಳಲ್ಲಿ ಅಲ್ಲಿರುವುದು ಪೊಟೆನ್ಶಿಯೋಮೀಟರ್. ಇಂಗಾಲದ ತೆಳುಪಟ್ಟಿಯ ಮೇಲೆ ಲೋಹದ ಸಣ್ಣ ನಾಲಗೆಯೊಂದು ಉಜ್ಜುತ್ತ ಸರಿದು ಸ್ಟಿಕ್ಕಿನ ಸ್ಥಾನವನ್ನು ತಿಳಿಸುವುದು. ಉಜ್ಜಿ ಉಜ್ಜಿ ಪಟ್ಟಿ ಸವೆದ ಮೇಲೆ, ಬೆರಳು ಮುಟ್ಟದಿದ್ದರೂ ತೆರೆಯ ಮೇಲಣ ಯೋಧನು ತಾನಾಗಿಯೇ ಎಡಕ್ಕೋ ಬಲಕ್ಕೋ ಸರಿಯತೊಡಗುವನು. ಆಡುವ ಹುಡುಗರೆಲ್ಲ ಬಲ್ಲ ಈ ವ್ಯಾಧಿಗೆ ಡ್ರಿಫ್ಟ್ ಎಂದು ಹೆಸರು. ಆದರೆ ಎಡ್ವಿನ್ ಹಾಲ್ ಎಂಬ ವಿಜ್ಞಾನಿ 1879ರಲ್ಲಿ ಕಂಡ ತತ್ತ್ವವನ್ನು ಆಧರಿಸಿದ ಹಾಲ್ ಸ್ಟಿಕ್ಕುಗಳಲ್ಲಿ ಅಯಸ್ಕಾಂತವೂ ಸಂವೇದಕವೂ ಒಂದನ್ನೊಂದು ಮುಟ್ಟುವುದೇ ಇಲ್ಲವಾದಕಾರಣ, ಸವೆಯುವ ಪಟ್ಟಿಯೇ ಅಲ್ಲಿಲ್ಲ. ಸೆಗಾ ಸಂಸ್ಥೆ ತನ್ನ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲಿ 1998ರಷ್ಟು ಹಿಂದೆಯೇ ಇದನ್ನು ಬಳಸಿತ್ತು. ಇಂದು ಎರಡು-ಮೂರು ಸಾವಿರ ರೂಪಾಯಿಯ ದೇಶೀಯ ಬ್ರಾಂಡುಗಳಲ್ಲಿಯೂ ಅದು ದೊರೆಯುವುದು ಸಂತೋಷದ ಸಂಗತಿ.

ಆದರೆ ಪ್ಲೇಸ್ಟೇಷನ್ 5ರ ಜೊತೆಗಿನ, ಹೆಚ್ಚು ಬೆಲೆಯ ಕಂಟ್ರೋಲರಾದ ಡ್ಯುಯಲ್‌ಸೆನ್ಸ್‌ನಲ್ಲಿ ಇರುವುದು ಇನ್ನೂ ಪೊಟೆನ್ಶಿಯೋಮೀಟರೇ. ಅದು ನಮ್ಮಲ್ಲಿ 5,990 ರೂಪಾಯಿಗೆ ಬಿಡುಗಡೆಯಾಯಿತು. ಅದರ ಹಿರಿಯಣ್ಣ ಡ್ಯುಯಲ್‌ಸೆನ್ಸ್ ಎಡ್ಜ್ 18,990ಕ್ಕೆ ಬಂದರೂ, ಸ್ಟಿಕ್ಕಿನ ವಿಷಯದಲ್ಲಿ ಸವೆದುದನ್ನು ಕಳಚಿ ಬೇರೊಂದನ್ನು ಕೂಡಿಸುವ ಅನುಕೂಲವನ್ನಷ್ಟೇ ಪಡೆದಿದೆ. ಹಾಗೆಂದು ಈ ಹಣವೆಲ್ಲ ವ್ಯರ್ಥವೆನ್ನಲಾರೆ. ಇವುಗಳ ಟ್ರಿಗರನ್ನು ಒತ್ತಿದಾಗ ಬಿಲ್ಲಿನ ಹೆದೆ ಬಿಗಿದಂತೆ ಬೆರಳಿಗೆ ಪ್ರತಿರೋಧ ಏರುತ್ತ ಹೋಗಿ, ಬಾಣ ಬಿಟ್ಟೊಡನೆ ತಟ್ಟನೆ ಸಡಿಲವಾಗುವುದನ್ನು ಒಮ್ಮೆ ಅನುಭವಿಸಿದವನಿಗೆ ಬೇರೆ ಕಂಟ್ರೋಲರುಗಳು ನಿರ್ಜೀವವೆನಿಸುವುವು. ಸಿರುಮುಗೈಯಲ್ಲಿ ರೇಷ್ಮೆ ನೇಯುವ, ಮನೆಯಲ್ಲಿ ಕನ್ನಡ ಆಡುವ ದೇವಾಂಗರಿಗೆ ಲಾಳಿಯ ಹಗ್ಗದ ಎಳೆತ ಹೇಗೆ ಕೈಯಲ್ಲೇ ತಿಳಿಯುವುದೋ, ಹಾಗೆಯೇ ಇದೂ ಕೈಯ ಅರಿವು. ಪ್ಲೇಸ್ಟೇಷನ್ 5 ಉಳ್ಳವರಿಗಂತೂ ಆಯ್ಕೆ ಅಲ್ಪವೇ. ಅದರ ಆಟಗಳು ಅಗ್ಗದ ಇತರ ಕಂಟ್ರೋಲರುಗಳನ್ನು ಒಪ್ಪುವುದಿಲ್ಲ. ಕಂಪ್ಯೂಟರಿನಲ್ಲಿಯೋ ಫೋನಿನಲ್ಲಿಯೋ ಆಡುವವರು ಮಾತ್ರ ಹಾಲ್ ಸ್ಟಿಕ್ಕನ್ನೇ ಬೇಡಬೇಕೆಂಬುದು ನನ್ನ ದೃಢಾಭಿಪ್ರಾಯ.

1937ರಲ್ಲಿ ಪೀಳಮೇಡಿನಲ್ಲಿ ದೇಶದ ಮೊದಲ ವಿದ್ಯುತ್ ಮೋಟಾರನ್ನು ಕಟ್ಟಿದ, ಫಾರ್ಮುಲಾ ಒನ್ನಿಗೆ ನಾರಾಯಣ್ ಕಾರ್ತಿಕೇಯನ್ ಅವರನ್ನು ಕೊಟ್ಟ, ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಹೊಂದಿದ ಈ ಕೊಯಮತ್ತೂರು ಸೀಮೆಯಲ್ಲಿ ಕಾರೋಟದ ಆಟಕ್ಕೆ ಸ್ಟೀರಿಂಗ್ ಚಕ್ರವನ್ನೇ ಬಯಸುವವರು ಬಹಳ. ಲಾಜಿಟೆಕ್ ಜಿ29 ಎಂಬ ಚಕ್ರ 900 ಡಿಗ್ರಿ ತಿರುಗುವುದು, ಒಳಗಣ ಮೋಟಾರುಗಳಿಂದ ಚಕ್ರ ಕೈಯನ್ನು ಎಳೆಯುವುದು. ಸ್ಟೀರಿಂಗಿಗೆ ಹಾಲ್ ಸಂವೇದಕವಿದ್ದರೂ ಪೆಡಲುಗಳಲ್ಲಿ ಹಳೆಯ ಪೊಟೆನ್ಶಿಯೋಮೀಟರೇ. ಬೆಲೆ ಕಂಟ್ರೋಲರಿಗಿಂತ ಹಲವು ಪಟ್ಟು. ಬೇರೆ ಆಟವೇ ಬೇಡವೆನ್ನುವವರಿಗಲ್ಲದೆ ಇತರರಿಗೆ ಅದನ್ನು ಹೇಳಲಾರೆ.

ಕಂಟ್ರೋಲರು ಕೊಳ್ಳುವವರು ಅಂಗಡಿಯಲ್ಲಿಯೇ ಅದನ್ನು ಜೋಡಿಸಿ, ಸ್ಟಿಕ್ಕನ್ನು ನಾಲ್ಕು ದಿಕ್ಕಿಗೂ ಎಳೆದು ತಟ್ಟನೆ ಬಿಟ್ಟು, ತೆರೆಯ ಮೇಲಣ ಗುರುತು ಪ್ರತಿಸಲವೂ ಮಧ್ಯಕ್ಕೇ ಮರಳುವುದೇ ಎಂದು ನೋಡಿ ಹಣ ಕೊಡತಕ್ಕದ್ದು.